ವಯನಾಡಿನ ಸಾಲ, ಸಂಸತ್ತಿನ ಒಂದು ಕಲಂ

2025ರ ಮಾರ್ಚ್ 25ರಂದು ರಾಜ್ಯಸಭೆ ವಿಪತ್ತು ನಿರ್ವಹಣಾ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಲೋಕಸಭೆ ಹಿಂದಿನ ಡಿಸೆಂಬರ್ 12ರಂದೇ ಅದನ್ನು ಅಂಗೀಕರಿಸಿತ್ತು. ಆ ಮಸೂದೆಯ ಒಂದು ಸಣ್ಣ ಸಾಲು 2005ರ ಮೂಲ ಕಾಯ್ದೆಯ 13ನೇ ಕಲಮನ್ನು ಕಿತ್ತುಹಾಕಿತು. ಭಾರೀ ವಿಪತ್ತು ಬಂದಾಗ ಸಂತ್ರಸ್ತರ ಸಾಲ ಮರುಪಾವತಿಯಲ್ಲಿ ರಿಯಾಯಿತಿ ಕೊಡಿಸಲು, ಸುಲಭ ಷರತ್ತಿನಲ್ಲಿ ಹೊಸ ಸಾಲ ಕೊಡಿಸಲು ಶಿಫಾರಸು ಮಾಡುವ ಅಧಿಕಾರವನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟಿದ್ದ ಕಲಂ ಅದು. ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಭೂಕುಸಿತದಲ್ಲಿ ಮಣ್ಣಾಗಿ ಆಗಿನ್ನೂ ಎಂಟು ತಿಂಗಳಾಗಿತ್ತು.

ಮತ ಬಿದ್ದ ಆ ದಿನಗಳಲ್ಲೇ ಮಾನಂದವಾಡಿ ಬಳಿ, ಕಬಿನಿಯ ದಂಡೆಯ ವಳ್ಳಿಯೂರ್‌ಕಾವ್‌ನಲ್ಲಿ ಭಗವತಿಯ ಜಾತ್ರೆ. ಮಲಯಾಳಿಗಳ ಮೀನ ಮಾಸದ ಮೊದಲ ದಿನ ಶುರುವಾಗಿ ಹದಿನಾಲ್ಕು ದಿನ ನಡೆಯುವ ಈ ಜಾತ್ರೆಯಲ್ಲಿ ವಯನಾಡಿನ ಸಾಲದ ಚರಿತ್ರೆಯ ಅತ್ಯಂತ ಕಹಿ ಅಧ್ಯಾಯ ಅಡಗಿದೆ. ಕಳೆದ ಶತಮಾನದ ನಡುಭಾಗ ದಾಟುವವರೆಗೂ ಭೂಮಾಲೀಕರು ಆದಿವಾಸಿಗಳಾದ ಪಣಿಯರನ್ನೂ ಅಡಿಯರನ್ನೂ ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದುದು ಇಲ್ಲೇ. ದೇವಿಯ ಎದುರಿಗೆ ಕೈಗೆ ಒಂದಿಷ್ಟು ಹಣ ಬೀಳುತ್ತಿತ್ತು. ಅದರ ಹೆಸರು ‘ನಿಲ್ಪು ಪಣಂ’, ಅಂದರೆ ನಿಲ್ಲುವ ಹಣ. ಹಿಡಿದವನು ಮುಂದಿನ ಜಾತ್ರೆಯವರೆಗೆ ಆ ಗದ್ದೆಯಲ್ಲೇ ನಿಲ್ಲಬೇಕು, ಹೆಂಡತಿ ಮಕ್ಕಳ ಸಮೇತ. ಕೂಲಿ ಭತ್ತದಲ್ಲಿ. ಪತ್ರವಿಲ್ಲ, ಸಾಕ್ಷಿ ಬೇಕಿಲ್ಲ. ದೇವಿಯ ಮೇಲಿನ ಭಯವೇ ಕರಾರು. ಹಣ ಕೊಟ್ಟವರಲ್ಲಿ ನಾಯರರಿದ್ದರು, ಚೆಟ್ಟಿಗಳಿದ್ದರು, ಕನ್ನಡ ನಾಡಿನಿಂದ ಬಂದು ನೆಲೆಸಿದ ಜೈನ ಗೌಡರೂ ಇದ್ದರು. ಹಿಡಿದವರ ಬಳಗದವರನ್ನು ಗಡಿಯಾಚೆಯ ಕೊಡಗಿನಲ್ಲಿ ನಾವು ಯರವರೆನ್ನುತ್ತೇವೆ. ಆದ್ದರಿಂದ ಇದು ಬರೀ ಕೇರಳದ ಕಥೆಯೆಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ.

ಸಾಲಕ್ಕೆ ಕಡಿವಾಣ ಹಾಕುವ ಕಾಯ್ದೆಗಳು ಆಗಲೂ ಇರಲಿಲ್ಲವೆಂದಲ್ಲ. ವಯನಾಡು ಅಂದು ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಯ ಭಾಗ. ಮಂಗಳೂರು, ಕಾಸರಗೋಡುಗಳಿದ್ದ ದಕ್ಷಿಣ ಕನ್ನಡವೂ ಅದೇ ಪ್ರಾಂತ್ಯದ್ದು. ರಾಜಾಜಿ ಸರ್ಕಾರ 1938ರಲ್ಲಿ ಮದ್ರಾಸ್ ರೈತರ ಪರಿಹಾರ ಕಾಯ್ದೆ ತಂದಿತು. 1932ರ ಅಕ್ಟೋಬರ್‌ಗಿಂತ ಹಿಂದಿನ ಸಾಲಗಳ ಮೇಲೆ 1937ರ ಅಕ್ಟೋಬರ್ 1ಕ್ಕೆ ಬಾಕಿಯಿದ್ದ ಬಡ್ಡಿಯೆಲ್ಲ ರದ್ದು. ಅಸಲಿನ ಎರಡರಷ್ಟು ಕಟ್ಟಿದ್ದರೆ ಸಾಲವೇ ಚುಕ್ತಾ. ಸಾಹುಕಾರರನ್ನು ಬೆಚ್ಚಿಬೀಳಿಸಿದ ಧೀರ ಕಾಯ್ದೆ. ಆದರೆ ಅದರ ಕಣ್ಣಿನಲ್ಲಿ ರೈತನೆಂದರೆ ಜಮೀನಿನಲ್ಲಿ ಹಕ್ಕುಳ್ಳವನು. ನಿಲ್ಪು ಪಣಂ ಹಿಡಿದ ಪಣಿಯನಿಗೆ ಯಾವ ಜಮೀನು? ಸಂತೆಯಲ್ಲಿ ಉಪ್ಪು, ಹೊಗೆಸೊಪ್ಪು ಮಾರುವವನಿಗೆ ಯಾವ ಪಟ್ಟಾ?

ಕೇರಳ ರಾಜ್ಯದ ಮೊದಲ ವಿಧಾನಸಭೆ, ಇಎಂಎಸ್ ನಂಬೂದಿರಿಪಾಡ್ ಮುಖ್ಯಮಂತ್ರಿಯಾಗಿದ್ದಾಗ, 1958ರಲ್ಲಿ ಲೇವಾದೇವಿಗಾರರ ಕಾಯ್ದೆ ಮಾಡಿ ಪರವಾನಗಿಯನ್ನು ಕಡ್ಡಾಯಗೊಳಿಸಿತು, ಬಡ್ಡಿಗೆ ಮಿತಿ ಹಾಕಿತು. ಜೀತಸಾಲ ಕಾನೂನಿನ ಮಟ್ಟಿಗೆ ಅಳಿದದ್ದು 1975ರ ಅಕ್ಟೋಬರ್‌ನ ಸುಗ್ರೀವಾಜ್ಞೆಯಿಂದ, ಮರುವರ್ಷದ ಕೇಂದ್ರ ಕಾಯ್ದೆಯಿಂದ. ದೇವರಾಜ ಅರಸರು ಕರ್ನಾಟಕದಲ್ಲಿ ಋಣಪರಿಹಾರ ಕಾಯ್ದೆ ತಂದು ಬಡವರ ಅಡವು ಪಾತ್ರೆ, ಒಡವೆ ಮರಳಿಸಿದ್ದೂ ಅದೇ ಕಾಲದಲ್ಲಿ, 1976ರಲ್ಲಿ.

ವಯನಾಡಿಗೆ ಮುಂದಿನ ಪೆಟ್ಟು ಕರಿಮೆಣಸಿನಿಂದ ಬಂತು. ತೊಂಬತ್ತರ ದಶಕದ ಕೊನೆಯಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದ ಧಾರಣೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕೂ ಕೆಳಗಿಳಿಯಿತು. ಸೊರಗು ರೋಗ ಬಳ್ಳಿಗಳನ್ನೂ ಒಣಗಿಸಿತು. ಸಾಲ ತೀರಿಸಲಾಗದ ರೈತರು ಒಬ್ಬೊಬ್ಬರಾಗಿ ಪ್ರಾಣ ಕಳೆದುಕೊಂಡರು. ಕೇಂದ್ರ 2006ರಲ್ಲಿ ಪ್ಯಾಕೇಜ್ ಘೋಷಿಸಿದ 31 ಜಿಲ್ಲೆಗಳ ಪಟ್ಟಿಯಲ್ಲಿ ವಯನಾಡು, ಕಾಸರಗೋಡು, ಕೊಡಗು ಮೂರೂ ಇದ್ದವು. ಕೇರಳ ಅದೇ ಹೊತ್ತಿಗೆ ರೈತರ ಋಣಪರಿಹಾರ ಆಯೋಗದ ಕಾಯ್ದೆ ಮಾಡಿತು. ಒಳ್ಳೆಯ ಕಾಯ್ದೆ, ಆದರೆ ಹೆಸರೇ ಹೇಳುವಂತೆ ರೈತರದ್ದು. ರೈತ ಬಡವಾದರೆ ಅವನಿಗೆ ಉದ್ರಿ ಕೊಟ್ಟ ಕಿರಾಣಿ ಅಂಗಡಿಯವನೂ ಮುಳುಗುತ್ತಾನೆ, ಚಹಾ ಕಾಸುವವನೂ ಜೀಪು ಓಡಿಸುವವನೂ ಮುಳುಗುತ್ತಾರೆ. ಅವರ ಅರ್ಜಿ ಹಿಡಿಯುವ ಆಯೋಗ ಇರಲಿಲ್ಲ. ಬ್ಯಾಂಕುಗಳಿಗೆ ನೇರ ಜಪ್ತಿಯ ಅಧಿಕಾರ ಕೊಟ್ಟ 2002ರ ಸರ್ಫೇಸಿ ಕಾಯ್ದೆಯೂ ಕೃಷಿಭೂಮಿಯನ್ನು ಹೊರಗಿಟ್ಟಿತು, ಅಂಗಡಿಯನ್ನಲ್ಲ. ಬ್ಯಾಂಕ್ ಬೇಡವೆಂದರೆ ಅವರಿಗೆ ಉಳಿಯುತ್ತಿದ್ದುದು ಕೇರಳದಲ್ಲಿ ‘ಬ್ಲೇಡ್’ ಎಂದೂ ನಮ್ಮಲ್ಲಿ ಮೀಟರ್ ಬಡ್ಡಿ ಎಂದೂ ಕರೆಯುವ ಸಾಲ. ಅದನ್ನು ತಡೆಯಲು ಕರ್ನಾಟಕ 2004ರಲ್ಲಿ, ಕೇರಳ 2012ರಲ್ಲಿ ಮಿತಿಮೀರಿದ ಬಡ್ಡಿಯ ವಿರುದ್ಧ ಕಾಯ್ದೆ ಮಾಡಿದವು. ಆದರೂ 2014ರಲ್ಲಿ ಕೇರಳ ಪೊಲೀಸರು ‘ಆಪರೇಷನ್ ಕುಬೇರ’ ಎಂದು ಊರೂರಿಗೆ ದಾಳಿಗಿಳಿಯಬೇಕಾಯಿತು.

ಈ ಹಿನ್ನೆಲೆಯಲ್ಲಿ ನೋಡಿದರೆ 13ನೇ ಕಲಮಿನ ಬೆಲೆ ತಿಳಿಯುತ್ತದೆ. ಅದು ರೈತನೋ ವ್ಯಾಪಾರಿಯೋ ಎಂದು ಕೇಳಲಿಲ್ಲ, ಪಟ್ಟಾ ಕೇಳಲಿಲ್ಲ. ‘ವಿಪತ್ತಿಗೆ ತುತ್ತಾದವರು’ ಎಂದಷ್ಟೇ ಹೇಳಿತು.

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಕುಸಿದು ಸುಮಾರು 300 ಮಂದಿ ಸತ್ತರು ಅಥವಾ ಕಾಣೆಯಾದರು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹಗಲಿರುಳು ದುಡಿದು ಹೊಳೆಗೆ ಬೈಲಿ ಸೇತುವೆ ಕಟ್ಟಿದರು. ಚೂರಲ್‌ಮಲ ಪೇಟೆಯ ಅಂಗಡಿಗಳು ಕೊಚ್ಚಿಹೋದರೂ ಸಾಲದ ಖಾತೆಗಳು ಬ್ಯಾಂಕಿನಲ್ಲಿ ಭದ್ರವಾಗಿದ್ದವು. ಸರ್ಕಾರ ಕೊಟ್ಟ ತುರ್ತು ಪರಿಹಾರದ ಹಣದಿಂದಲೇ ಒಂದು ಬ್ಯಾಂಕ್ ಕಂತು ಮುರಿದುಕೊಂಡದ್ದು ಬಯಲಾಗಿ ಜನ ರೊಚ್ಚಿಗೆದ್ದರು. ಸಹಕಾರಿ ರಂಗದ ಕೇರಳ ಬ್ಯಾಂಕ್ ತನ್ನ ಚೂರಲ್‌ಮಲ ಶಾಖೆಯಲ್ಲಿ ಸತ್ತವರ, ಮನೆ ಕಳೆದುಕೊಂಡವರ ಸಾಲ ಮನ್ನಾ ಮಾಡಿತು. ಉಳಿದ ಬ್ಯಾಂಕುಗಳು ಕೊಟ್ಟದ್ದು ಬಹುಪಾಲು ಮರುಪಾವತಿಗೆ ಕಾಲಾವಕಾಶ ಮಾತ್ರ.

ಕೇರಳ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡು ಸಾಲ ಮನ್ನಾದ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿತು. ವಯನಾಡಿನದು ತೀವ್ರ ಸ್ವರೂಪದ ವಿಪತ್ತೆಂದು ಕೇಂದ್ರ ಒಪ್ಪಿದ್ದು 2024ರ ಡಿಸೆಂಬರ್‌ನಲ್ಲಿ. 13ನೇ ಕಲಂ ತೆಗೆಯಲು ಲೋಕಸಭೆ ಮತ ಹಾಕಿದ್ದೂ ಅದೇ ತಿಂಗಳು. 2025ರಲ್ಲಿ ಕೇಂದ್ರ ನ್ಯಾಯಾಲಯಕ್ಕೆ ಕೊಟ್ಟ ಉತ್ತರಗಳಲ್ಲಿ ಒಂದು, ಆ ಕಲಮೇ ಈಗ ಕಾಯ್ದೆಯಲ್ಲಿಲ್ಲ ಎಂಬುದು.

ಇದು ಅನ್ಯಾಯ. 2018ರಲ್ಲಿ ಕೊಡಗು ಕುಸಿಯಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಚಹಾ ಅಂಗಡಿಯೇ ಗುಡ್ಡದಡಿ ಹೋಯಿತು. ಘಟ್ಟದ ಉದ್ದಕ್ಕೂ ಸಾಲ ಮಾಡಿ ಅಂಗಡಿ ಇಟ್ಟುಕೊಂಡವರಿಗೆಲ್ಲ ಆ ಕಲಂ ಬೇಕು. ಅದನ್ನು ಕಾಯ್ದೆಗೆ ಮರಳಿಸಬೇಕೆಂದು ಕರ್ನಾಟಕದ 28 ಲೋಕಸಭಾ ಸದಸ್ಯರು ಸದನದಲ್ಲಿ ಕೇಳಲಿ.