ಜೋಲಿ ತೂಗುವ ಕೈ ಯಾರದು?

ಭಂಡಿಗಡಿಯಂತಹ ಕೊಪ್ಪ ಸೀಮೆಯ ಊರುಗಳಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಹೆಂಗಸರಿಗೆ ಬಿಡುವಿಲ್ಲ. ಹಸಿ ಅಡಿಕೆ ಯಾರಿಗೂ ಕಾಯುವುದಿಲ್ಲ; ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಮೆಟ್ಟುಗತ್ತಿಯ ಮುಂದೆ ತಾಯಿ, ಹಿಂದೆ ತೊಲೆಗೆ ಕಟ್ಟಿದ ಹಳೆಯ ಸೀರೆಯ ಜೋಲಿಯಲ್ಲಿ ಕೂಸು. ಜೋಲಿ ತೂಗುವವಳು ಏಳೆಂಟು ವರ್ಷದ ಅಕ್ಕನಾದರೆ, ಆ ದಿನ ಅವಳ ಶಾಲೆಯ ಹಾಜರಿ ಪುಸ್ತಕದಲ್ಲಿ ಏನು ಬರೆದಿರುತ್ತದೆಂದು ನಾವು ವಿಚಾರಿಸುವುದಿಲ್ಲ.

ದುಡಿಯುವ ತಾಯಿಯ ಕೂಸು ಯಾರ ಹೊಣೆ ಎಂಬ ಪ್ರಶ್ನೆ ಹೊಸದೇನಲ್ಲ. 1948ರ ಕಾರ್ಖಾನೆ ಕಾಯ್ದೆಯೇ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೊಂದು ಶಿಶುಪಾಲನಾ ಕೋಣೆ ಇರಬೇಕೆಂದಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 1951ರ ತೋಟ ಕಾರ್ಮಿಕರ ಕಾಯ್ದೆ ಈ ಹೊಣೆಯನ್ನು ಮಲೆನಾಡಿಗೂ ತಂದಿತು. ಆದರೆ ಅದು ಕಂಡದ್ದು 25 ಎಕರೆಗೆ ಕಡಿಮೆಯಿಲ್ಲದ, 30 ಆಳುಗಳಿರುವ ಕಾಫಿ, ಚಹಾ, ರಬ್ಬರು, ಸಿಂಕೋನಾ ತೋಟಗಳನ್ನು. 1981ರ ತಿದ್ದುಪಡಿ ಏಲಕ್ಕಿಯನ್ನು ಸೇರಿಸಿಕೊಂಡು ಮಿತಿಯನ್ನು 5 ಹೆಕ್ಟೇರು, 15 ಆಳುಗಳಿಗೆ ಇಳಿಸಿತು. 50 ಹೆಂಗಸರಿಲ್ಲದಿದ್ದರೂ 20 ಮಕ್ಕಳಿದ್ದರೆ ಶಿಶುಪಾಲನಾ ಕೇಂದ್ರ ಬೇಕೆಂದಿತು. ಆ ಕಾಯ್ದೆ ತಾಯಂದಿರ ಜೊತೆಗೆ ಮಕ್ಕಳನ್ನೂ ಎಣಿಸಿದ್ದು ಆಗಲೇ.

ಆ ಪಟ್ಟಿಯಲ್ಲಿ ಅಡಿಕೆಯ ಹೆಸರಿರಲಿಲ್ಲ. ಇದ್ದಿದ್ದರೂ ಎರಡು ಮೂರು ಎಕರೆಯ ತೋಟದವನಿಗೆ ಕಾನೂನು ತಗುಲುತ್ತಿರಲಿಲ್ಲ. ಹತ್ತು ತೋಟಗಳಲ್ಲಿ ಹಂಚಿಹೋದ 50 ತಾಯಂದಿರು ಲೆಕ್ಕಕ್ಕೆ ಸಿಗಲೇ ಇಲ್ಲ.

ಘಟ್ಟದ ಕೆಳಗೂ ಇದೇ ಕಥೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಬೀಡಿ ಕಟ್ಟುವ ಕಾರ್ಖಾನೆಗಳಲ್ಲಿ ಕೂಸುಗಳಿಗೆ ಜಾಗ ಕೇಳಿತು. ಆದರೆ ಕರಾವಳಿಯ ನಮ್ಮ ತಾಯಂದಿರು, ಅಕ್ಕತಂಗಿಯರು ಬೀಡಿ ಕಟ್ಟಿದ್ದು ಮನೆಯ ಜಗಲಿಯಲ್ಲಿ. ಮನೆಯಲ್ಲೇ ಇರುವವಳಿಗೆ ಶಿಶುಪಾಲನೆ ಯಾತಕ್ಕೆ ಎಂದುಕೊಂಡೆವು. ಮೊರ ಮಡಿಲಲ್ಲಿದ್ದಾಗ ಮಗು ಎಲ್ಲಿರಬೇಕೆಂದು ಯೋಚಿಸಲಿಲ್ಲ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಅಂಗನವಾಡಿಗಳ ಪಯಣ ಶುರುವಾಯಿತು. ಅದರ ಉಪಕಾರ ಸಣ್ಣದಲ್ಲ. ಆದರೆ ಅದು ಮುಖ್ಯವಾಗಿ ಪೌಷ್ಟಿಕ ಆಹಾರ, ಆರೋಗ್ಯ ಮತ್ತು ಮೂರರಿಂದ ಆರು ವರ್ಷದವರ ಕಲಿಕೆಗೆಂದು ಹುಟ್ಟಿದ್ದು. ಎದೆಹಾಲು ಕುಡಿಯುವ ಕೂಸನ್ನು ದಿನವಿಡೀ ಇಟ್ಟುಕೊಳ್ಳಲು ಅದನ್ನು ಕಟ್ಟಿರಲಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 26 ವಾರಗಳ ಸಂಬಳದ ರಜೆ ಕೊಟ್ಟಿತು. ದಿನಗೂಲಿಯವಳಿಗೆ ರಜೆ ಎಂದರೆ ಅಂದಿನ ಕೂಲಿ ಇಲ್ಲ ಎಂದೇ ಅರ್ಥ.

2023-24ರಲ್ಲಿ ಕರ್ನಾಟಕ ಸರಕಾರ ಗ್ರಾಮ ಪಂಚಾಯತಿಗಳಲ್ಲಿ ಶುರುಮಾಡಿದ 'ಕೂಸಿನ ಮನೆ'ಯ ಹಿಂದಿನ ವಿಚಾರ ಬೇರೆ. ಇಲ್ಲಿ ಹೊಣೆ ಊರಿನದು. ಸಣ್ಣ ತೋಟದವನು ಒಬ್ಬನೇ ಆಯಾಳನ್ನು ಇಡಲಾರ, ಆ ಮಾತು ನಿಜ, ಊರು ಇಡಬಲ್ಲದು. ಆದರೆ ಬಾಗಿಲು ತೆರೆಯುವ ಹೊತ್ತು ಕಚೇರಿಯದ್ದಾಗದೆ ಕೊಯ್ಲಿನದ್ದಾಗಬೇಕು. ಅಲ್ಲಿ ಕೂಸು ನೋಡುವವಳೂ ಒಬ್ಬ ತಾಯಿಯೇ. ಅವಳ ಕೂಲಿ ತಿಂಗಳು ತಿಂಗಳಿಗೆ ಸರಿಯಾಗಿ ಕೈಸೇರಬೇಕು.

ಕೂಸಿನ ಮನೆಯ ಲಾಭವನ್ನು ಎಣಿಸುವಾಗ ಅಲ್ಲಿ ಮಲಗಿದ ಮಕ್ಕಳನ್ನಷ್ಟೇ ಎಣಿಸಿದರೆ ಸಾಲದು. ಜೋಲಿಯ ಹಗ್ಗ ಬಿಟ್ಟು ಶಾಲೆಗೆ ಹೋದ ಅಕ್ಕಂದಿರನ್ನೂ ಎಣಿಸೋಣ.