ಅನುಮತಿಯ ಹೊಸ್ತಿಲು: ತಿಲಕರ 1897ರ ಮೊಕದ್ದಮೆ

ಮೇಲ್ಮನವಿ ಬೇರೆ, ಮೇಲ್ಮನವಿಗೆ ಅನುಮತಿ ಬೇಡುವುದು ಬೇರೆ. ಈ ಭೇದವನ್ನು ತಿಳಿಯಲು ಲೋಕಮಾನ್ಯ ತಿಲಕರ ಮೊದಲನೆಯ ರಾಜದ್ರೋಹದ ಮೊಕದ್ದಮೆಗಿಂತ ಉತ್ತಮ ಪಾಠವಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮಗೆ ‘ಕೇಸರಿ’ ಅಪರಿಚಿತವಲ್ಲ. ಆದರೆ ಆ ಮೊಕದ್ದಮೆ ಲಂಡನ್ನಿನವರೆಗೆ ಹೋದ ಕಥೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

‘ಕೇಸರಿ’ಯಲ್ಲಿ ಪ್ರಕಟವಾದ ಬರಹಗಳಿಗಾಗಿ ಮುಂಬಯಿ ಹೈಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಬರಹ ಮರಾಠಿ, ವಿಚಾರಣೆ ಇಂಗ್ಲಿಷು. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಆರು ಯುರೋಪಿಯನ್ನರು ಅಪರಾಧಿಯೆಂದರು. ಮೂವರು ಭಾರತೀಯರು ಅಲ್ಲವೆಂದರು. ನ್ಯಾಯಮೂರ್ತಿ ಸ್ಟ್ರಾಚಿಯವರು ಕಾನೂನಿನಲ್ಲಿದ್ದ ‘ಡಿಸ್‌ಅಫೆಕ್ಷನ್’ ಎಂಬ ಪದಕ್ಕೆ ಪ್ರೀತಿಯ ಅಭಾವವೆಂದೇ ಅರ್ಥ ಹೇಳಿ ಜ್ಯೂರಿಗೆ ಮಾರ್ಗದರ್ಶನ ಮಾಡಿದ್ದರು. ಸರಕಾರವನ್ನು ಪ್ರೀತಿಸದಿರುವುದೇ ಅಪರಾಧವಾದರೆ ಸೆರೆಮನೆಗಳು ಸಾಲುವುವೇ? ಶಿಕ್ಷೆ 18 ತಿಂಗಳ ಸಶ್ರಮ ಕಾರಾಗೃಹವಾಸ.

ಆಗ ನಮ್ಮ ದೇಶದ ಅತ್ಯುಚ್ಚ ನ್ಯಾಯಪೀಠ ಲಂಡನ್ನಿನ ಪ್ರಿವಿ ಕೌನ್ಸಿಲ್. ಅಲ್ಲಿಗೆ ಹೋಗಲು ಹೈಕೋರ್ಟು ಅನುಮತಿ ಕೊಡಲಿಲ್ಲ. ಉಳಿದದ್ದು ಪ್ರಿವಿ ಕೌನ್ಸಿಲಿನಿಂದಲೇ ವಿಶೇಷ ಅನುಮತಿ ಬೇಡುವ ದಾರಿಯೊಂದೇ. ನವೆಂಬರ್ ತಿಂಗಳಲ್ಲಿ ತಿಲಕರ ಪರವಾಗಿ ಆಸ್ಕ್ವಿತ್ ವಾದಿಸಿದರು. ಸ್ಟ್ರಾಚಿಯವರ ವ್ಯಾಖ್ಯಾನವೇ ತಪ್ಪೆಂಬುದು ವಾದದ ತಿರುಳು. ಪೀಠದಲ್ಲಿದ್ದ ಲಾರ್ಡ್ ಹಾಲ್ಸ್‌ಬರಿಯವರು ಲಾರ್ಡ್ ಚಾನ್ಸಲರರು, ಅಂದರೆ ಬ್ರಿಟಿಷ್ ಮಂತ್ರಿಮಂಡಲದ ಸದಸ್ಯರೂ ಹೌದು! ಪ್ರಿವಿ ಕೌನ್ಸಿಲು ತಾನು ಸಾಮಾನ್ಯ ಕ್ರಿಮಿನಲ್ ಮೇಲ್ಮನವಿಯ ನ್ಯಾಯಾಲಯವಲ್ಲವೆಂದೂ ಘೋರ ಅನ್ಯಾಯ ನಡೆದಿದ್ದರೆ ಮಾತ್ರ ಕೈಹಾಕುವೆನೆಂದೂ 1887ರ ಡಿಲೆಟ್ ಪ್ರಕರಣದಿಂದ ಹೇಳುತ್ತ ಬಂದಿತ್ತು. ಅನುಮತಿ ಸಿಗಲಿಲ್ಲ. ಹೀಗಾಗಿ ಪೂರ್ಣ ಮೇಲ್ಮನವಿಯ ವಿಚಾರಣೆ ನಡೆಯಲೇ ಇಲ್ಲ.

ಮ್ಯಾಕ್ಸ್ ಮುಲ್ಲರ್ ಮೊದಲಾದ ವಿದ್ವಾಂಸರ ಮನವಿಯ ಬಳಿಕ 1898ರಲ್ಲಿ ತಿಲಕರು ಅವಧಿಗೆ ಮುನ್ನವೇ ಬಿಡುಗಡೆ ಹೊಂದಿದರು. ನ್ಯಾಯಪೀಠ ತೆರೆಯದ ಬಾಗಿಲನ್ನು ಪಂಡಿತರ ಲೇಖನಿ ತೆರೆಯಿತು. ಮುಂದೆ 1908ರಲ್ಲಿ ತಿಲಕರಿಗೆ ಆರು ವರ್ಷಗಳ ಗಡೀಪಾರು ವಿಧಿಸಿದವರು, ಹಿಂದೆ ಅವರ ಜಾಮೀನಿಗಾಗಿ ವಾದಿಸಿದ್ದ ದಾವರರೇ. ಆಗ ಇಂಗ್ಲೆಂಡಿನ ಪ್ರಧಾನಿ ಅದೇ ಆಸ್ಕ್ವಿತ್. ಇತಿಹಾಸದ ಈ ವ್ಯಂಗ್ಯವನ್ನು ನಾವು ಕಲ್ಪಿಸಿಕೊಂಡರೂ ಯಾರೂ ನಂಬಲಾರರು.

1949ರ ಅಕ್ಟೋಬರ್ 10ರಿಂದ ಪ್ರಿವಿ ಕೌನ್ಸಿಲಿನ ಅಧಿಕಾರ ಭಾರತದಲ್ಲಿ ಅಂತ್ಯಗೊಂಡಿತು. ಸಂವಿಧಾನದ 136ನೆಯ ವಿಧಿ ವಿಶೇಷ ಅನುಮತಿಯ ಅಧಿಕಾರವನ್ನು ಸುಪ್ರೀಂ ಕೋರ್ಟಿಗೆ ಒಪ್ಪಿಸಿತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗಳನ್ನು ಬಿಟ್ಟು ಉಳಿದ ಯಾವುದೇ ನ್ಯಾಯಾಲಯದ ಅಥವಾ ನ್ಯಾಯಮಂಡಳಿಯ ತೀರ್ಪಿನ ವಿರುದ್ಧ ಅದನ್ನು ಬೇಡಬಹುದು. ಹೈಕೋರ್ಟಿನ ತೀರ್ಪಾದರೆ ಸಾಮಾನ್ಯವಾಗಿ 90 ದಿನಗಳ ಅವಧಿ. ಕಾರಣ ಹೇಳದೆ ಅರ್ಜಿಯನ್ನು ತಳ್ಳಿಹಾಕಿದ ಮಾತ್ರಕ್ಕೆ ಕೆಳಗಿನ ತೀರ್ಪು ಸರಿಯೆಂದು ಸುಪ್ರೀಂ ಕೋರ್ಟು ಮುದ್ರೆಯೊತ್ತಿದಂತಾಗದು ಎಂಬುದು ಕೇರಳದ ಕುಂಞಹಮ್ಮದ್ ಪ್ರಕರಣದಲ್ಲಿ 2000ದಲ್ಲಿ ಸ್ಪಷ್ಟವಾಗಿದೆ. ಸೋತು ಬಂದವರಿಗೆ ಇದನ್ನು ಯಾರಾದರೂ ತಿಳಿಸಿ ಹೇಳಬೇಕು.

ಭಾಷೆಯ ಮಾತು ಮಾತ್ರ ಹಾಗೆಯೇ ಉಳಿದಿದೆ. 348ನೆಯ ವಿಧಿಯಂತೆ ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ನಮ್ಮ ಗಡಿಯ ರೈತನೊಬ್ಬನ ಕನ್ನಡ ಖರೀದಿಪತ್ರ ದೆಹಲಿಯ ಪೀಠದ ಮುಂದೆ ಹೋಗಬೇಕಾದರೆ, ‘ಕೇಸರಿ’ಯ ಮರಾಠಿ ಬರಹಗಳಂತೆ, ಭಾಷಾಂತರವಾಗಿಯೇ ಹೋಗಬೇಕು.