ಅಕ್ಕನ ಮಾತ್ರೆ, ಗ್ವಾಟೆಮಾಲಾದ ಸುಣ್ಣ | ಅಡುಗೆಮನೆ ಚರಿತ್ರೆ, ಭಾಗ 6

ನಮ್ಮಕ್ಕ ಬಸುರಿಯಾಗಿದ್ದಾಗ ಆಸ್ಪತ್ರೇಲಿ ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ರು. "ಮೂಳೆಗೆ ಕಣೇ, ಒಂದಿನ ಬಿಟ್ರೆ ಏನಾಗುತ್ತೆ" ಅಂತಿದ್ಲು. ಏಳನೇ ತಿಂಗಳ ಚೆಕಪ್‌ನಲ್ಲಿ ಬಿಪಿ 150/100. ತಲೆನೋವು ಕೂಡ ಇರಲಿಲ್ಲ. ಅವತ್ತೇ ಅಡ್ಮಿಟ್. ಪ್ರೀಎಕ್ಲಾಂಪ್ಸಿಯಾ ಅನ್ನೋ ಹೆಸರು ನಾನು ಕೇಳಿದ್ದೇ ಆಗ. 😶

20 ವಾರ ಕಳೆದ ಮೇಲೆ ಬಿಪಿ ಏರುತ್ತೆ, ಮೂತ್ರದಲ್ಲಿ ಪ್ರೋಟೀನ್ ಹೋಗಬಹುದು. ಜಾಸ್ತಿಯಾದರೆ ಫಿಟ್ಸ್, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ಇದಕ್ಕೂ ಕ್ಯಾಲ್ಸಿಯಂಗೂ ಏನು ನಂಟು? ಕಥೆ ಶುರುವಾಗೋದು ಗ್ವಾಟೆಮಾಲಾದಲ್ಲಿ. ಅಲ್ಲಿನ ಮಾಯಾ ಹೆಂಗಸರು ಬಡವರು. ಆದರೂ ಅವರಲ್ಲಿ ಈ ಫಿಟ್ಸ್ ಕಡಿಮೆ ಇತ್ತು. ಅವರು ಜೋಳ, ಅಂದ್ರೆ ನಮ್ಮ ಮೆಕ್ಕೆಜೋಳ, ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ರುಬ್ಬಿ ರೊಟ್ಟಿ ಮಾಡ್ತಾರೆ. ನಾವು ಎಲೆಗೆ ಹಚ್ಚೋ ಸುಣ್ಣದ ಥರದ್ದೇ. ಸುಣ್ಣದ ಕ್ಯಾಲ್ಸಿಯಂ ರೊಟ್ಟಿಗೆ ಇಳಿಯುತ್ತೆ. 1980ರಲ್ಲಿ ಹೋಸೆ ಬೆಲಿಸಾನ್, ಹೋಸೆ ವಿಯಾರ್ ಅನ್ನೋ ವೈದ್ಯರು ಇದನ್ನೇ ಊಹೆಯಾಗಿ ಮುಂದಿಟ್ಟರು.

ಊಹೆ ಸಾಕಾಗಲ್ಲ ಅಲ್ವಾ? 1991ರಲ್ಲಿ ಅರ್ಜೆಂಟೀನಾದ 1,194 ಚೊಚ್ಚಲ ಬಸುರಿಯರ ಮೇಲಿನ ಪ್ರಯೋಗ ಪ್ರಕಟವಾಯ್ತು. ಕ್ಯಾಲ್ಸಿಯಂ ತಗೊಂಡವರಲ್ಲಿ ಬಿಪಿ ತೊಂದರೆ 9.8%, ತಗೊಳ್ಳದವರಲ್ಲಿ 14.8%. ಆದರೆ 1997ರಲ್ಲಿ ಅಮೆರಿಕದ 4,589 ಹೆಂಗಸರ ಪ್ರಯೋಗದಲ್ಲಿ ಪ್ರಯೋಜನವೇ ಕಾಣಲಿಲ್ಲ!

ಎರಡೂ ನಿಜ. ಅಮೆರಿಕದವರ ಊಟದಲ್ಲಿ ಆಗಲೇ ಬೇಕಾದಷ್ಟು ಕ್ಯಾಲ್ಸಿಯಂ ಇತ್ತು. ತುಂಬಿದ ಕೊಡಕ್ಕೆ ಇನ್ನೂ ನೀರು ಹುಯ್ದರೆ ಏನು ಬಂತು? ಊಟದಲ್ಲಿ ಕಮ್ಮಿ ಇರೋರಿಗೆ ಮಾತ್ರೆ ನೆರವಾಗುತ್ತೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಅಂಥ ಕಡೆ ದಿನಕ್ಕೆ 1.5ರಿಂದ 2 ಗ್ರಾಂ ಕೊಡಿ ಅಂತು.

ಅಷ್ಟೊಂದು ಮಾತ್ರೆ ದಿನಾ ನುಂಗೋದು ಕಷ್ಟ. ಕಮ್ಮಿ ಸಾಕಾಗುತ್ತಾ? ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ಬೆಂಗಳೂರಲ್ಲಿ, ಜೊತೆಗೆ ತಾಂಜಾನಿಯಾದಲ್ಲಿ. ಒಂದೊಂದು ಕಡೆ 11,000 ಚೊಚ್ಚಲ ಬಸುರಿಯರು. 2024ರಲ್ಲಿ ಫಲಿತಾಂಶ ಬಂತು: ಬೆಂಗಳೂರಲ್ಲಿ 500 ಮಿಲಿಗ್ರಾಂ ತಗೊಂಡವರಲ್ಲಿ ಪ್ರೀಎಕ್ಲಾಂಪ್ಸಿಯಾ 3.0%, 1,500 ತಗೊಂಡವರಲ್ಲಿ 3.6%. ಅಂದ್ರೆ ಕಮ್ಮಿ ಡೋಸೂ ಹಿಂದೆ ಬೀಳಲಿಲ್ಲ.

ಅಕ್ಕ ಮಾತ್ರೆ ಬಿಟ್ಟಿದ್ದಕ್ಕೇ ಹೀಗಾಯ್ತು ಅಂತ ನಾನು ಹೇಳಲ್ಲ. ಮಾತ್ರೆ ಅಪಾಯ ಇಳಿಸುತ್ತೆ, ಪೂರ್ತಿ ತಡೆಯಲ್ಲ. ಅವಳನ್ನ ಉಳಿಸಿದ್ದು ಆವತ್ತಿನ ಬಿಪಿ ಚೆಕ್. ಈಗ ತಾಯಿ, ಮಗಳು ಇಬ್ಬರೂ ಚೆನ್ನಾಗಿದ್ದಾರೆ. ❤️

ರಾಗಿ, ಹಾಲು, ಎಳ್ಳು, ಸೊಪ್ಪು ಇವೆಲ್ಲ ಊಟದಲ್ಲಿ ಇರಲಿ. ಆದರೆ ಮಾತ್ರೆ, ಡೋಸು ಡಾಕ್ಟರನ್ನೇ ಕೇಳಿ. ಸುಣ್ಣ ತಿನ್ನೋಕೆ ಹೋಗಬೇಡಿ ಮತ್ತೆ! ಮನೇಲಿ ಬಸುರಿ ಅಕ್ಕ, ಅತ್ತಿಗೆ ಇದ್ದರೆ ಇವತ್ತೇ ಒಂದು ಮಾತು ಕೇಳಿ: "ಬಿಪಿ ಯಾವಾಗ ನೋಡಿಸಿದ್ದು?"

#ಅಡುಗೆಮನೆಚರಿತ್ರೆ #ತಾಯಿಯಆರೋಗ್ಯ